ಎರಡನೇ ಹೋಳಿಗೆ ಬೇಡವೆಂದವನು

ಮದುವೆಯ ಕೋಟು ಹೊಲಿಯಲು ಒಪ್ಪಿಕೊಂಡಿದ್ದ ಸಿಂಪಿಗ ತಾನಾಗಿಯೇ ಬಾಗಿಲಿಗೆ ಬಂದು ನಿಂತಾಗ ಗೂಳಪ್ಪನ ಮನೆಯಲ್ಲಿ ಸಂಶಯ ಹುಟ್ಟಿತು. ದೀಪಾವಳಿ ಎದುರಿಗಿರುವಾಗ ಸಿಂಪಿಗರು ಕರೆದರೂ ಬರುವವರಲ್ಲ.

"ಇದು ಶ್ರಾವಣದಾಗ ತೊಗೊಂಡ ಅಳತಿ," ಅವನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದ. "ನಿನ್ನೆ ಮದುವಿ ಹುಡುಗ ತೊಟ್ಟು ನೋಡಿದ್ರ ಕೋಟಿನ್ಯಾಗ ಇನ್ನೊಬ್ಬಾಂವ ಹಿಡೀತಿದ್ದ. ಎರಡೂ ಕಡೆ ಒಳಗ ಹಿಡದು ಹೊಲೀಲೋ, ಸ್ವಲ್ಪ ತಡೀಲೋ? ಕೇಳಿ ಹೋಗಾಕ ಬಂದೆ."

"ತಡಿ," ಎಂದಳು ಗೂಳಪ್ಪನ ಅಕ್ಕ ಶಿವಗಂಗವ್ವ, ತಮ್ಮ ಬಾಯಿ ತೆರೆಯುವ ಮೊದಲೇ.

ಇಸವಿ ೧೯೩೮. ಗೂಳಪ್ಪ ಅಥಣಿಯ ಕಡೆಯಿಂದ ಬಂದು ಪುಣೆಯಲ್ಲಿ ಬೆಲ್ಲದ ವ್ಯಾಪಾರಕ್ಕೆ ಕೂತವನು. ಸದಾಶಿವ ಪೇಠೆಯ ಒಂದು ವಾಡೆಯ ಹಿಂಭಾಗದಲ್ಲಿ ಅವನ ಸಂಸಾರ. ಹೆಂಡತಿ ತೀರಿದ ಮೇಲೆ ಮನೆ ನಡೆಸಿದವಳು ವಿಧವೆ ಅಕ್ಕ. ಒಬ್ಬಳೇ ಮಗಳು ಗೋದಾ. ಅವಳಿಗೆ ಗೊತ್ತಾಗಿದ್ದ ವರ ಸಿದ್ರಾಮಪ್ಪ, ಖಡಕಿಯ ಮದ್ದುಗುಂಡಿನ ಫ್ಯಾಕ್ಟರಿಯಲ್ಲಿ ಕ್ಲಾರ್ಕ್. ಶ್ರಾವಣದಲ್ಲಿ ನಿಶ್ಚಯ, ಮಾಘದಲ್ಲಿ ಮದುವೆ. ವರನ ಕೋಟು ಹೆಣ್ಣಿನವರ ಕಡೆಯಿಂದ ಹೋಗಬೇಕು, ಅದು ಪದ್ಧತಿ. ಆ ಪದ್ಧತಿ ಇರದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಆ ಕಾಲದಲ್ಲಿ ಬೇಕೆಂದು ತೆಳ್ಳಗಾದವರನ್ನು ಯಾರೂ ಕಂಡಿರಲಿಲ್ಲ. ಮನುಷ್ಯ ಹಸಿವೆಯಿಂದ ಸೊರಗುತ್ತಿದ್ದ, ಚಿಂತೆಯಿಂದ ಸೊರಗುತ್ತಿದ್ದ, ಇಲ್ಲವಾದರೆ ಕ್ಷಯದಿಂದ. ಕೊನೆಯದರ ಹೆಸರನ್ನು ಮನೆಯೊಳಗೆ ಯಾರೂ ಎತ್ತುತ್ತಿರಲಿಲ್ಲ.

"ಆ ಬ್ಯಾನಿನ ಅದು," ಎಂದಳು ಶಿವಗಂಗವ್ವ, ಸಿಂಪಿಗ ಹೋದ ಮೇಲೆ. "ನಮ್ಮ ಮನಿಯವರ ಅಂಗಿನೂ ಹಿಂಗ ಸಡ್ಲ ಆಗ್ತಾ ಬಂತು. ಅತ್ತಿ ಮನಿಯವರು ಉಷ್ಣ ಅಂದ್ರು. ವೈದ್ಯನ ಕೈಲೂ ಹಂಗ ಅನಿಸಿದ್ರು. ನಂಬಿ ಕೂತೆ."

"ಸಣ್ಣ ಆಗೋದಕ್ಕ ಬ್ಯಾರೆ ಕಾರಣ ಇರಬಾರದೇನಕ್ಕಾ?"

"ಉಂಡು ಬೆಳದಾಂವ ಉಣ್ಣೋದು ಯಾಕ ಬಿಡ್ತಾನ? ನೀನ ಹೇಳು."

ಗೂಳಪ್ಪ ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿದ. ಅವನೂ ಉಂಡು ಬೆಳೆದವನೇ.

ಅಡುಗೆ ಮನೆಯಲ್ಲಿ ಕೇಳುತ್ತಿದ್ದ ಗೋದಾಳ ರೊಟ್ಟಿ ಹಂಚಿನ ಮೇಲೆಯೇ ಕರಕಾಯಿತು. ಅವಳ ಕಣ್ಣ ಮುಂದೆ ನಿಂತದ್ದು ನೋಡಲು ಬಂದ ದಿನದ ಸಿದ್ರಾಮಪ್ಪ. ದುಂಡು ಮುಖ, ದೊಡ್ಡ ಹೊಟ್ಟೆ, ಹಣೆಯ ತುಂಬ ಬೆವರು. ಊಟ ಮುಗಿಸಿ ಮಣೆಯಿಂದ ಏಳಲು ಹೋಗಿ ಏಳಲಾರದೆ ಮತ್ತೆ ಕೂತಿದ್ದ. ಬಾಗಿಲ ಮರೆಯಲ್ಲಿದ್ದ ಅವಳಿಗೆ ನಗು ತಡೆಯಲಿಲ್ಲ. ಅವನ ಕಿವಿ ಕೆಂಪಾಯಿತು, ಆದರೆ ಅವನೂ ನಕ್ಕ. "ಮಣಿ ನನ್ನ ಬಿಡವಲ್ದು ನೋಡ್ರಿ," ಎಂದ. ಬೀಗರು ತುಂಬಿದ ಮನೆಯಲ್ಲಿ ತನ್ನನ್ನೇ ನೋಡಿ ನಗಬಲ್ಲ ಗಂಡಸನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಪ್ರೀತಿಗೆ ಇಷ್ಟೇ ಕಾರಣ ಸಾಕೇ ಎಂದು ಕೇಳಬೇಡಿ. ಇದಕ್ಕಿಂತ ಕಡಿಮೆಯದಕ್ಕೂ ಹುಟ್ಟಿದೆ.

ಅಕ್ಕ ತಮ್ಮ ಸೇರಿ ಹಾವೂ ಸಾಯದ ಕೋಲೂ ಮುರಿಯದ ಒಂದು ಹಾದಿ ಕಂಡುಕೊಂಡರು. ಹಬ್ಬದ ಊಟಕ್ಕೆ ವರನನ್ನು ಕರೆಯುವುದು. ಆ ಬೇನೆ ಇದೆಯೇ ಎಂದು ಕೇಳುವಂತಿಲ್ಲ, ಕೇಳಿದರೆ ಎರಡೂ ಮನೆಗಳ ಮಾನ ಹೋಗುತ್ತದೆ. ಬಡಿಸಿ ನೋಡಬಹುದಲ್ಲ.

"ಮದಲಿನಂಗ ಉಂಡ್ರ ಮದುವಿ," ಎಂದ ಗೂಳಪ್ಪ. "ಉಣ್ಣಲಿಲ್ಲ ಅಂದ್ರ ಅವರು ಕೊಟ್ಟ ನಿಶ್ಚಯದ ಸೀರಿ ಮರುದಿನ ವಾಪಸ್."

ಗೋದಾ ಆ ರಾತ್ರಿ ಸರಿಯಾಗಿ ಮಲಗಲಿಲ್ಲ. ಸೋದರತ್ತೆಯ ಕೈಯಲ್ಲಿ ಬೆಳೆದ ಹುಡುಗಿ ಅವಳು. ಗೌಳಿಗನ ಹಾಲನ್ನು ನೀರು ಬೆರೆತಿದೆಯೇ ಎಂದು ಉಗುರಿನ ಮೇಲೆ ಬಿಟ್ಟು ನೋಡದೆ ಪಾತ್ರೆಗೆ ಹೊಯ್ಸಿಕೊಂಡವಳಲ್ಲ. ಸಂಶಯ ಅವಳ ರಕ್ತದಲ್ಲೇ ಇತ್ತು. ಅವನಿಗೆ ನಿಜವಾಗಿ ಬೇನೆಯಿದ್ದರೆ? ಬೇನೆಯಿಲ್ಲದೆ, ಬೇರೆ ಯಾರನ್ನೋ ನೆನೆದು ಸೊರಗುತ್ತಿದ್ದರೆ? ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಸುಟ್ಟಿತು. ಹಾಗೆ ಸುಟ್ಟಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಹಬ್ಬದ ದಿನ ಸಿದ್ರಾಮಪ್ಪ ಖಡಕಿಯಿಂದ ಸೈಕಲ್ ತುಳಿದುಕೊಂಡೇ ಬಂದ. ಗೋದಾ ಬಾಗಿಲ ಸಂದಿಯಿಂದ ನೋಡಿದಳು. ಗಲ್ಲ ಇಳಿದು ದವಡೆಯ ಗೆರೆ ಕಾಣುತ್ತಿತ್ತು. ಚೆಂದ ಕಂಡ. ಚೆಂದ ಕಂಡನೆಂಬುದೇ ಅವಳಿಗೆ ಇನ್ನೊಂದು ಸಂಶಯ: ಯಾರಿಗಾಗಿ ಈ ಚೆಂದ?

"ಅಷ್ಟ ದೂರದಿಂದ ಬಂದ್ರೂ ತೇಕಿಲ್ಲ," ಎಂದು ಅತ್ತೆಯ ಕಿವಿಯಲ್ಲಿ ಉಸುರಿದಳು.

"ಉಸಿರು ಬಿಗಿ ಹಿಡದಾನ."

"ಗಲ್ಲ ಕೆಂಪಗ ಅದಾವಲ್ಲ ಅತ್ತಿ."

"ಅದು ಜ್ವರದ ಕೆಂಪು. ಕಣ್ಣ ನೋಡು ಹೆಂಗ ಹೊಳೀತಾವ. ನಮ್ಮ ಮನಿಯವರವೂ ಕಡಿಕಡಿಗೆ ಹಿಂಗ ಹೊಳೀತಿದ್ವು."

ಸಂಶಯಕ್ಕೆ ಒಮ್ಮೆ ಮಣೆ ಹಾಕಿದರೆ ಅದು ಎಲ್ಲವನ್ನೂ ತನ್ನ ತಾಟಿಗೇ ಬಡಿಸಿಕೊಳ್ಳುತ್ತದೆ.

ಸಿದ್ರಾಮಪ್ಪನೂ ಕುರುಡನಲ್ಲ. ಹೋದ ಸಲ ತೊಡೆಗೆ ತೊಡೆ ತಾಗಿಸಿ ಕೂತಿದ್ದ ಭಾವಿ ಮಾವ ಇಂದು ಅಷ್ಟು ದೂರ ಮಣೆ ಹಾಕಿಸಿಕೊಂಡಿದ್ದ. ಎಲ್ಲರ ಕಣ್ಣೂ ತನ್ನ ಬಾಯಿಯ ಮೇಲೆ. ಅವನು ತಲೆ ತಗ್ಗಿಸಿ ನಿಧಾನವಾಗಿ ಉಂಡ. ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡ, ಸೊಪ್ಪಿನ ಪಲ್ಯ ಕೇಳಿ ಹಾಕಿಸಿಕೊಂಡ. ಅನ್ನ ಒಂದೇ ಹಿಡಿ. ಒಂದು ಹೋಳಿಗೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ತುಂಡನ್ನೂ ರುಚಿ ನೋಡಿ ತಿಂದ. ಶಿವಗಂಗವ್ವ ಎರಡನೆಯದನ್ನು ತಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದ.

ನಮ್ಮ ಕಡೆ ಹಾಗೆ ಅಡ್ಡ ಹಿಡಿದ ಕೈಗೆ ಬೇಡವೆಂಬ ಅರ್ಥವಿಲ್ಲ. ಅದು ಇನ್ನೂ ಬಡಿಸಿರಿ ಎನ್ನುವುದರ ಮರ್ಯಾದೆಯ ರೂಪ. ಶಿವಗಂಗವ್ವ ಬೆರಳುಗಳ ಸಂದಿಯಿಂದಲೇ ಹೋಳಿಗೆ ಜಾರಿಸಿ ಮೇಲೆ ತುಪ್ಪ ಸುರಿದಳು. ತುಪ್ಪ ಅವನ ಮಣಿಕಟ್ಟಿನವರೆಗೆ ಇಳಿಯಿತು.

"ಸಾಕ್ರಿ," ಎಂದ ಅವನು. "ಖರೇನ ಸಾಕು. ನನ್ನ ಹೊಟ್ಟಿ ತುಂಬೇದ."

"ಹಬ್ಬದಾಗ ಒಂದ ಹೋಳಿಗಿ ತಿಂದು ಏಳ್ತಾರೇನ್ರಿ?" ಗೂಳಪ್ಪನ ದನಿ ಒಣಗಿತ್ತು.

"ಇದ್ದಾಂಗ ಹೇಳ್ತೀನ್ರಿ. ಇನ್ನ ಒಲ್ಲೆ."

ಹೋಳಿಗೆ ತಾಟಿನಲ್ಲೇ ಉಳಿಯಿತು. ಗೂಳಪ್ಪ ಅಕ್ಕನ ಮುಖ ನೋಡಿದ. ಅಕ್ಕ ಕಣ್ಣು ಮುಚ್ಚಿಕೊಂಡಳು. ಸಿದ್ರಾಮಪ್ಪ ನೆಲಕ್ಕೆ ಕೈಯೂರದೆ ಮಣೆಯಿಂದ ಎದ್ದು ನಿಂತದ್ದನ್ನು ಗೋದಾ ಒಬ್ಬಳೇ ನೋಡಿದಳು.

ಕೈಗೆ ನೀರು ಹಾಕಲು ಅವಳೇ ಚೊಂಬು ಹಿಡಿದು ಅಂಗಳಕ್ಕೆ ಬಂದಳು. ಬಾವಿಯ ಹತ್ತಿರ ಬಂದದ್ದೇ ಚೊಂಬಿನ ನೀರನ್ನೆಲ್ಲ ದಾಸವಾಳದ ಬುಡಕ್ಕೆ ಸುರಿದಳು.

"ನೀರು ಇಲ್ರಿ," ಎಂದಳು. "ಸೇದ್ರಿ."

ಅಳಿಯನಾಗುವವನಿಗೆ ನೀರು ಸೇದು ಅನ್ನುವ ಹುಡುಗಿಯನ್ನು ಅವನು ಒಂದು ಗಳಿಗೆ ಬೆರಗಾಗಿ ನೋಡಿದ. ಆಮೇಲೆ ತೋಳು ಮಡಚಿ ಹಗ್ಗ ಹಿಡಿದ. ಕೊಡ ಮೇಲೆ ಬಂದಿತು. ಅವಳು ಅದನ್ನು ಕಲ್ಲಿನ ದೋಣಿಗೆ ಹೊಯ್ದು ಮತ್ತೆ ಬಾವಿಗೆ ಬಿಟ್ಟಳು. ಅವನು ಮತ್ತೆ ಎಳೆದ. ಅವಳು ನೀರು ನೋಡಲಿಲ್ಲ, ಅವನ ಎದೆ ನೋಡುತ್ತಿದ್ದಳು, ಏರಿಳಿಯುವುದನ್ನು, ಎಲ್ಲಾದರೂ ತಡವರಿಸುವುದೇ ಎಂದು. ಅಷ್ಟು ಹೊತ್ತು ಗಂಡಸಿನ ಎದೆ ನೋಡಬಾರದೆಂದು ನೆನಪಾದಾಗ ದೋಣಿ ತುಂಬಲು ಬಂದಿತ್ತು.

"ಇದು ನನ್ನ ಕೈ ತೊಳಿಯಾಕೋ, ಮದುವಿ ಮಂದಿ ಜಳಕಕ್ಕೋ?"

"ದಣದ್ರೇನು?"

"ಇಲ್ರಿ."

"ಎದಿ ನೋಯ್ತದ?"

"ಇಲ್ಲ."

"ಕೆಮ್ಮು?"

ಹಗ್ಗದ ಮೇಲಿನ ಅವನ ಕೈ ನಿಂತಿತು. ಮಾವನ ದೂರದ ಮಣೆ, ಶಿವಗಂಗವ್ವನ ಮುಚ್ಚಿದ ಕಣ್ಣು, ಎಲ್ಲ ಈಗ ತಿಳಿಯಿತು.

"ನನಗ ಆ ಬ್ಯಾನಿ ಅದ ಅಂತ ತಿಳದೀರಿ."

"ಸಂಶಯ ಅದ. ನೀವ ಹೇಳ್ರಿ, ಬರಬಾರದೇನು?"

"ನಾನೂ ಬಂದ ಗಳಿಗಿಯಿಂದ ಸಂಶಯದಾಗ ಇದ್ದೆ. ನಿಮಗ ಬ್ಯಾರೆ ಚಲೋ ಮನಿ ಸಿಕ್ಕದ, ನನ್ನ ಬಿಡಾಕ ನೆವ ಹುಡುಕಾಕತ್ತೀರಿ ಅಂತ."

"ನೆವ ನೀವ ಕೊಟ್ರಲ್ಲ. ಜಡ್ಡಿಲ್ಲ ಅಂದ್ರ ಯಾಕ ಉಣ್ಣವಲ್ರಿ? ಮನಸ್ಸಿನ್ಯಾಗ ಯಾರರ ಅದಾರೇನು?"

"ಅದಾರ," ಎಂದ ಅವನು.

ಗೋದಾ ಚೊಂಬನ್ನು ಎದೆಗೆ ಒತ್ತಿ ಹಿಡಿದಳು.

"ಶ್ರಾವಣದಾಗ ಈ ಮನಿಗೆ ಬಂದಿದ್ದೆ," ಅವನು ಹಗ್ಗ ನೋಡುತ್ತಲೇ ಹೇಳಿದ. "ಹುಡುಗಿ ತಲಿ ತಗ್ಗಿಸಿ ಕೂತಿದ್ರು. ಬೈತಲಿ ಬಿಟ್ರ ಏನೂ ಕಾಣಲಿಲ್ಲ. ಆಮ್ಯಾಲೆ ಬಾಗಲದಾಗ ಯಾರೋ ನಕ್ರು. ಆ ನಗೋ ಮಾರಿ ನೋಡಬೇಕಂತ ಜೀವ ಹೋತು. ಎದ್ದು ತಿರುಗಿ ನೋಡೋದ್ರಾಗ ಅವರು ಒಳಗ ಹೋಗಿಬಿಟ್ಟಿದ್ರು. ನನಗ ಏಳಾಕ ಅಷ್ಟು ಹೊತ್ತು ಹಿಡೀತು."

ಗೋದಾ ಚೊಂಬನ್ನು ಬಾವಿಯ ಕಟ್ಟೆಯ ಮೇಲಿಟ್ಟಳು.

"ಮನಿಗೆ ಹೋಗಿ ಯೋಚಿಸಿದೆ. ಇಂಥಾಕಿ ದಿನಾ ನಗೋ ಮನ್ಯಾಗ ನಾ ದಿನಾ ತಡಾ ಮಾಡಿ ಏಳಾಂವ ಆಗಬಾರದಂತ. ಫ್ಯಾಕ್ಟರಿ ಗೇಟಿನ ಭಜಿ ಬಿಟ್ಟೆ. ಚಹಾದಾಗ ಸಕ್ಕರಿ ಬಿಟ್ಟಾಗ ವಿಷ ಕುಡಿದಂಗ ಆತು, ಈಗ ಸಕ್ಕರಿ ಹಾಕಿದ್ರ ಸೇರೂದಿಲ್ಲ. ರಾತ್ರಿ ಅನ್ನ ಇಲ್ಲ. ಒಂದು ಜ್ವಾಳದ ರೊಟ್ಟಿ, ತಾಟಿನ ತುಂಬ ಪಲ್ಯ, ಮಜ್ಜಿಗಿ. ಇನ್ನೊಂದು ಬೇಕು ಅನ್ನಿಸಿದಾಗ ಎದ್ದು ನದಿ ಮಟಾ ನಡದು ಬರತೀನಿ. ಅಷ್ಟ. ಉಪವಾಸ ಇಲ್ಲ, ಔಷಧ ಇಲ್ಲ."

"ಅಷ್ಟಕ್ಕ ಇಷ್ಟು ಇಳೀತಾರೇನು?" ಸಂಶಯ ಅಷ್ಟು ಬೇಗ ಹಗ್ಗ ಬಿಡುವುದಿಲ್ಲ. "ಹಸಿವಾದ್ರ?"

"ಮದಲ ಮದಲ ಹಸಿವಿಗೆ ಸಿಟ್ಟು ಬರ್ತಿತ್ತು. ಸಾಹೇಬಗ ಒಮ್ಮಿ ಎದುರು ಮಾತಾಡೀನಿ."

"ನಿಮ್ಮ ಅವ್ವಾರು ಏನಂತಾರ?"

"ಅವ್ವ ರೊಟ್ಟಿ ಕೆಳಗ ಬೆಣ್ಣಿ ಮುಚ್ಚಿಡ್ತಾಳ. ನನಗ ಯಾರೋ ಮಾಟ ಮಾಡ್ಯಾರ ಅಂತ ಆಕಿ ಸಂಶಯ."

"ಯಾರು?"

"ನೀವ."

ಗೋದಾಗೆ ನಗು ಬಂದುಬಿಟ್ಟಿತು. ಬಾಯಿಗೆ ಸೆರಗು ಒತ್ತಿಕೊಳ್ಳಲು ಹೋದಳು. ಅವನು ಆ ಹೊತ್ತಿಗಾಗಲೇ ಪೂರ್ತಿ ತಿರುಗಿ ನೋಡುತ್ತಿದ್ದ. ಅವಳು ಸೆರಗು ಬಿಟ್ಟಳು. ನೋಡಿದರೆ ನೋಡಲಿ ಎಂದು ನಿಂತಳು. ತನಗಾಗಿ ಒಬ್ಬ ಮನುಷ್ಯ ದಿನವೂ ತಾಟಿನ ಮುಂದೆ ಕೂತು ಒಂದೊಂದೇ ತುತ್ತನ್ನು ಬೇಡವೆಂದಿದ್ದಾನೆ. ಅವಳಿಗೆ ಅಳುವೂ ಬಂತು.

ಒಳಗಿನಿಂದ ಗೂಳಪ್ಪನ ದನಿ ಕೇಳಿತು. "ನೋಡಿದ್ದು ಸಾಕು. ಟ್ರಂಕಿನಿಂದ ಸೀರಿ ತಗಿ ಅಕ್ಕಾ. ನಾಳೆ ನಾನ ಒಯ್ದು ಕೊಡ್ತೀನಿ."

ಸಿದ್ರಾಮಪ್ಪನ ಮುಖದ ಬಣ್ಣ ಹೋಯಿತು. "ಈಗ ನಾ ಏನು ಹೇಳಿದ್ರೂ ಅವರಿಗೆ ನೆವ ಹೇಳಿದಂಗ ಕೇಳಸ್ತದ," ಎಂದ. "ನಿಮಗ ನಂಬಿಕಿ ಬಂತೇನು? ಅಷ್ಟ ಹೇಳ್ರಿ. ಸೈಕಲ್ ತೊಗೊಂಡು ಹೋಗ್ತೀನಿ."

ಅವಳು ನೆಟ್ಟಗೆ ಒಳಗೆ ನಡೆದಳು.

ಊಟದ ಪಡಸಾಲೆಯಲ್ಲಿ ಶಿವಗಂಗವ್ವ ಅವನ ತಾಟನ್ನು ಬಟ್ಟೆಯಿಂದ ಹಿಡಿದು, ಮೈಯಿಂದ ದೂರ ಚಾಚಿ, ಹೊರಗೆ ಚೆಲ್ಲಲು ಹೊರಟಿದ್ದಳು. ಗೋದಾ ಬರಿಗೈಯಲ್ಲಿ ತಾಟು ಇಸಿದುಕೊಂಡಳು. ಅವನು ಎದ್ದ ಮಣೆಯ ಮೇಲೆಯೇ ಕೂತಳು. ಅವನು ಬಿಟ್ಟ ಹೋಳಿಗೆ ಮುರಿದು ಬಾಯಿಗಿಟ್ಟಳು.

ಗಂಡನ ತಾಟಿನಲ್ಲಿ ಹೆಂಡತಿ ಉಣ್ಣುವುದು ಆ ಮನೆಗಳಲ್ಲಿ ದಿನದ ಮಾತು. ಆದರೆ ಅದು ಮದುವೆಯ ದಿನದಿಂದ ಶುರುವಾಗುವಂಥದು. ಅದಕ್ಕೆ ಮೊದಲು ಉಂಡ ಹುಡುಗಿಯ ಕಥೆಯನ್ನು ಯಾರೂ ಕೇಳಿರಲಿಲ್ಲ.

"ಎಂಜಲ ಅದು," ಎಂದಳು ಶಿವಗಂಗವ್ವ. "ಉಗುಳು, ಗೋದಾ. ನಿನ್ನ ಕಾಲಿಗೆ ಬೀಳ್ತೀನಿ, ಉಗುಳು."

"ಅವರಿಗೆ ಏನೂ ಆಗಿಲ್ಲ ಅತ್ತಿ. ಬಾವಿ ನೀರು ದೋಣಿ ತುಂಬ ಸೇದ್ಯಾರ, ಒಂದು ಕೆಮ್ಮು ಇಲ್ಲ. ತಿಂದದ್ದಕ್ಕ ಸಾಕು ಅಂದಾರ, ಅಷ್ಟ. ನಮ್ಮ ಮನ್ಯಾಗ ಸಾಕು ಅಂದವರನ್ನ ನಾವು ನೋಡಿಲ್ಲ."

"ಆಂವ ಹೇಳಿದ್ದು ನಂಬಿದೀ?"

"ಪರೀಕ್ಷಾ ಮಾಡಿ ನಂಬೀನಿ." ಗೋದಾ ಇನ್ನೊಂದು ತುತ್ತು ನುಂಗಿ ತಂದೆಯ ಕಡೆ ತಿರುಗಿದಳು. "ಸೀರಿ ವಾಪಸ್ ಕೊಡ್ತೀನಂದ್ರ ಕೊಡಪ್ಪಾ. ಈ ತುತ್ತು ಹೆಂಗ ವಾಪಸ್ ಕೊಡ್ತೀ?"

ಗೂಳಪ್ಪ ಕೈಯಲ್ಲಿದ್ದ ಟ್ರಂಕಿನ ಕೀಲಿಯನ್ನು ನೋಡುತ್ತ ನಿಂತ. ಶಿವಗಂಗವ್ವ ಗೋಡೆಗೆ ಒರಗಿ ಕುಸಿದಳು.

"ನಾ ನಮ್ಮ ಮನಿಯವರ ತಾಟು ಬ್ಯಾರೆ ಇಟ್ಟಿದ್ದೆ," ಎಂದಳು, ಯಾರಿಗೂ ಅಲ್ಲ. "ಕಡೀ ವರ್ಷ ಪೂರಾ. ಅವರಿಗೆ ಗೊತ್ತಿತ್ತು."

ಹೊಸ್ತಿಲ ಆಚೆ ನಿಂತಿದ್ದ ಸಿದ್ರಾಮಪ್ಪ ಒಳಗೆ ಬಂದ. ಕರೆಯದೆಯೇ ಬಂದು, ತಾಟಿನ ಆಚೆ ಬದಿಗೆ ಬರಿ ನೆಲದ ಮೇಲೆ ಕೂತ. ಅವನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ಎಲ್ಲಾ ತಿನಬ್ಯಾಡ್ರಿ," ಎಂದು ಕೈ ಚಾಚಿದ. "ಅರ್ಧಾ ನನಗ ಕೊಡ್ರಿ."