ಹುಚ್ಚು ವಿಜ್ಞಾನಿ ಏನೆಂದ?

ಆಸ್ಪತ್ರೆಯಿಂದ ಸುದ್ದಿ ಬಂದ ಬೆಳಿಗ್ಗೆ ನಾನು ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಯಜಮಾನರು ಹೋಗಿಬಿಟ್ಟಿದ್ದರು. ನನಗೆ ಅಳುವೇ ಬರಲಿಲ್ಲ. ತಂಗಿ ವಾರಿಜಾ ಯಡಿಯೂರಿನಿಂದ ಓಡಿಬಂದು "ಭಾವಾ, ಭಾವಾ" ಎಂದು ಗೋಳಾಡಿದಳು. ಬಂದವರೆಲ್ಲ ಮೊದಲು ಅವಳನ್ನೇ ಸಮಾಧಾನ ಮಾಡಿದರು. ಆ ಹೊತ್ತಿನಲ್ಲೂ ನನ್ನೆದೆಯಲ್ಲಿ ಹಳೆಯ ಹೊಟ್ಟೆಕಿಚ್ಚು ಸಣ್ಣಗೆ ಉರಿಯಿತು.

ಅವರು, ಬದರಿನಾಥ, ನಮ್ಮ ಸೋದರತ್ತೆಯ ಮಗ. ಅರವತ್ತರ ದಶಕದ ಆರಂಭದಲ್ಲಿ ಜಯನಗರದ ನಮ್ಮ ಮನೆಗೆ ಪ್ರತಿ ಭಾನುವಾರ ಬರುತ್ತಿದ್ದರು. ನಮ್ಮಿಬ್ಬರಲ್ಲಿ ಒಬ್ಬಳನ್ನು ಸೊಸೆಯಾಗಿ ತಂದುಕೊಳ್ಳಬೇಕೆಂದು ಅತ್ತೆಗೆ ಆಸೆ.

"ಯಾರು ಅಂತ ಅವನೇ ಹೇಳ್ಲಿ" ಎಂದಿದ್ದರು.

ಅವರು ತಂಗಿಯ ಹೆಸರು ಹೇಳಿದರೆ, ಅಕ್ಕನಾದ ನಾನು ಯಾವ ಮುಖ ಹೊತ್ತು ಓಡಾಡಲಿ? ಅದಕ್ಕಿಂತ ಹೆಚ್ಚಾಗಿ, ಅವರನ್ನು ಬಿಟ್ಟು ಹೇಗಿರಲಿ?

ಅವರಿಗೆ ಇಂಗ್ಲಿಷ್ ಭಯದ ಚಿತ್ರಗಳ ಗೀಳು. ಹೆಣಕ್ಕೆ ಮಿಂಚು ಹಾಯಿಸುವ, ಮಿದುಳನ್ನು ಗಾಜಿನ ಜಾಡಿಯಲ್ಲಿಟ್ಟು ಮಾತಾಡಿಸುವ ಹುಚ್ಚು ವಿಜ್ಞಾನಿಗಳೆಂದರೆ ಪ್ರಾಣ. ದಂಡಿನ, ಅಂದರೆ ಕಂಟೋನ್ಮೆಂಟಿನ, ಟಾಕೀಸಿಗೆ ನಮ್ಮಿಬ್ಬರನ್ನೂ ಮ್ಯಾಟಿನಿಗೆ ಕರೆದೊಯ್ದು ನಡುವೆ ತಾವು ಕೂರುತ್ತಿದ್ದರು. ಟೈಫಾಯಿಡ್ ಬಂದು ಶಾಲೆ ಬಿಟ್ಟ ವಾರಿಜಾಗೆ ಇಂಗ್ಲಿಷ್ ಬಾರದು. ಚಿತ್ರ ಮುಗಿಯುವ ತನಕ ಅವಳ ಕಿವಿಯ ಬಳಿ ಬಾಗಿ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುವರು. ಅವಳು ಕಿಲಕಿಲ ನಗುವಳು. ಇಂಟರ್ ಪಾಸಾದ ನನಗೆ ಒಂದು ಮಾತೂ ಇಲ್ಲ. ಓದಿದ್ದಕ್ಕೆ ಸಿಕ್ಕ ಫಲ!

ಒಂದು ಭಾನುವಾರ ತಡೆಯಲಾಗಲಿಲ್ಲ.

"ಭಾವ, ಇವ್ರ ಇಂಗ್ಲಿಷ್ ನಂಗೂ ಅರ್ಥ ಆಗ್ತಿಲ್ಲ."

ಅವರು ತಿರುಗಿ ನೋಡಿದರು. ಪರದೆಯ ಬೆಳಕಿನಲ್ಲಿ ಅವರ ತುಟಿಯಂಚು ಕೊಂಕಿದ್ದು ಕಂಡಿತು.

"ಹೌದಾ? ಪಾಪ" ಎಂದು ನನ್ನತ್ತ ಬಾಗಿದರು.

ಪರದೆಯ ಮೇಲೆ ವಿಜ್ಞಾನಿ, ಇನ್ನಷ್ಟು ವಿದ್ಯುತ್ ಹಾಯಿಸು ಎಂದು ಸಹಾಯಕನಿಗೆ ಅರಚುತ್ತಿದ್ದ.

"ಏನಂದ?"

"ಮನೇಲಿ ಅಮ್ಮ ಕೇಳ್ತಿದ್ದಾಳೆ, ದೊಡ್ಡೋಳೇ ಬೇಕು ಅಂತ ಹೇಳ್ಬಿಡ್ಲಾ ಅಂತಿದ್ದಾನೆ."

ಪರದೆಯಲ್ಲಿ ಮೇಜಿನ ಮೇಲಿನ ಹೆಣ ಬೆರಳಾಡಿಸಿತು.

"ಹಾಗಾದ್ರೆ ಚಿಕ್ಕೋಳ ಕಿವೀಲಿ ಅಷ್ಟೊಂದು ಪಿಸುಗುಟ್ಟಿದ್ಯಾಕಂತೆ?"

"ದೊಡ್ಡೋಳ ಮೂತಿ ನೋಡೋಕಂತೆ. ಕೋಪ ಬಂದ್ರೆ ಚೆನ್ನಾಗಿರುತ್ತಂತೆ. ಹೆಣ ಏನನ್ನುತ್ತೆ, ನೀನೇ ಹೇಳು."

"ಬೇಗ ಹೇಳಿ ಅನ್ನುತ್ತೆ."

"ಭಾವ, ಏನಂದ ಅವ್ನು?" ವಾರಿಜಾ ಅವರ ತೋಳು ಜಗ್ಗಿದಳು.

"ನಿಮ್ಮಕ್ಕನ್ನ ಕೇಳು."

ನಾನು ಹೇಳಲಿಲ್ಲ. ಅದೊಂದು ಮಾತು ನನಗೊಬ್ಬಳಿಗೇ ಇರಲಿ ಎನಿಸಿತು. ಮುಂದಿನ ವೈಶಾಖದಲ್ಲಿ ಮದುವೆಯಾಯಿತು.

ಇಂದು ಅವರ ಮಾಸಿಕ. ವಾರಿಜಾ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಪಾಯಸ ಕಲಕುತ್ತಿದ್ದಾಳೆ. ಅವಳ ಮೇಲೆ ನನಗೀಗ ಮುನಿಸಿಲ್ಲ. ಅಳಲಿ, ಅವಳಿಗೂ ಭಾವನಲ್ಲವೇ?

ಶ್ರೀಹರಿ, ಮತ್ಸರವೇನಿದ್ದರೂ ಈಗ ನಿನ್ನ ಮೇಲೆ. ಅವರನ್ನು ನಿನ್ನ ಬಳಿಗೆ ಕರೆದುಕೊಂಡೆ. ಆದರೂ ಕೈಮುಗಿದು ಬೇಡುತ್ತೇನೆ. ಕೊನೆಯಲ್ಲಿ ಬಹಳ ನೊಂದಿದ್ದಾರೆ, ನಿನ್ನ ಪಾದದಲ್ಲಿ ಅವರಿಗೆ ಶಾಂತಿ ಕೊಡು ತಂದೆ.