ಎರಡು ಕಡ್ಡಿ ಜಾಗ

ಆಟೋ ಬಂದು ನಿಂತಾಗ ಸಿದ್ದೇಶ ತನ್ನ ಗ್ಯಾರೇಜ್ ಅಂಗಡಿಯ ಮುಂದೆ ಮಂಡಿಯೂರಿ, ರಿಪೇರಿಯಾದ ತನ್ನ ಬೈಕಿನ ಮುಂದಿನ ಚಕ್ರ ಒರೆಸುತ್ತಿದ್ದ. ಆಟೋದಿಂದ ಮೊದಲು ಊರುಗೋಲು ಇಳಿಯಿತು. ಆಮೇಲೆ ಒಂದು ಕಾಲು, ಅದರ ಹಿಂದೆ ಬಹಳ ಹುಷಾರಾಗಿ ಇನ್ನೊಂದು. ಯಾರೆಂದು ತಿಳಿಯಲು ಅವನು ಮುಖ ನೋಡಬೇಕಾಗಿರಲಿಲ್ಲ. ಆ ಕಾಲು ಮುರಿದದ್ದು ಇದೇ ಬೈಕಿನಿಂದ ಬಿದ್ದು.

"ದಾರ ಎಲ್ಲಿ?" ಎಂದಳು ರಂಜಿತ.

ನಲವತ್ತೇಳು ದಿನಗಳ ಮೇಲೆ ಎದುರೆದುರು ಆಡಿದ ಮೊದಲ ಮಾತು ಅದು. ಹೇಗಿದ್ದೀಯ ಅಂತಿಲ್ಲ, ಇಷ್ಟು ಸೊರಗಿದ್ದೀಯಲ್ಲ ಅಂತಿಲ್ಲ. ಮೊದಲಿನಿಂದಲೂ ಅವಳು ಹೀಗೇ. ಭಾರತೀನಗರದ ಲ್ಯಾಬೊಂದರಲ್ಲಿ ದಿನವಿಡೀ ಜನರ ರಕ್ತ ತೆಗೆದು ರಿಪೋರ್ಟು ಬರೆಯುವ ಹುಡುಗಿ. ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ಅವಳಿಗೆ ತಲೆನೋವು.

"ಅದೆ. ಮೊದ್ಲು ಕೂತ್ಕೊ," ಎಂದು ಸಿದ್ದೇಶ ಸ್ಟೂಲು ತಂದಿಟ್ಟ.

"ಫಿಸಿಯೋಥೆರಪಿ ಅಂತ ಹೇಳಿ ಬಂದಿದೀನಿ. ಒಂದು ಗಂಟೆ ಬಿಟ್ಟು ನಮ್ಮಣ್ಣ ಅಲ್ಲಿಗೆ ಬತ್ತಾನೆ ಕರ್ಕೊಂಡೋಗಕ್ಕೆ. ಬೇಗ ಶುರು ಮಾಡು."

ಸಿದ್ದೇಶನ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಬಿದ್ದ ಗಾಡಿ ರಿಪೇರಿಯಾದ ಮೇಲೆ ಎರಡು ಚಕ್ರಗಳೂ ಒಂದೇ ಸಾಲಿನಲ್ಲಿವೆಯೋ ಇಲ್ಲವೋ ಎಂದು ದಾರ ಹಿಡಿದು ನೋಡಬೇಕು. ಗಾರೆಯವರು ಗೋಡೆಗೆ ಹಿಡಿಯುತ್ತಾರಲ್ಲ, ಅದೇ ನೈಲಾನ್ ದಾರ. ಹಿಂದಿನ ಚಕ್ರಕ್ಕೆ ಸುತ್ತಿ, ಎರಡು ತುದಿಗಳನ್ನೂ ಮುಂದಿನ ಚಕ್ರದ ಆಚೆಈಚೆ ಎಳೆದು ಹಿಡಿದರೆ, ದಾರಕ್ಕೂ ಅದಕ್ಕಿಂತ ಸಣ್ಣದಾದ ಮುಂದಿನ ಟೈರಿಗೂ ನಡುವೆ ಎರಡೂ ಕಡೆ ಒಂದೇ ಸಮ ಜಾಗ ಉಳಿಯಬೇಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾದರೆ ಚಕ್ರ ವಾರೆಯಾಗಿದೆ ಎಂದರ್ಥ. ಅಂಥ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಆ ಜಾಗವನ್ನು ಸಿದ್ದೇಶ ಬೆಂಕಿಕಡ್ಡಿ ತೂರಿಸಿ ಅಳೆಯುತ್ತಿದ್ದ. ದಾರದ ಇನ್ನೊಂದು ತುದಿಯನ್ನು ಗಾಡಿಯಲ್ಲಿ ಬಿದ್ದವರೇ ಹಿಡಿಯಬೇಕು, ಅದು ರೂಢಿ. ಇಲ್ಲದಿದ್ದರೆ ಅವರಿಗೆ ಮತ್ತೆ ಹತ್ತಲು ಧೈರ್ಯ ಬರುವುದಿಲ್ಲ ಎಂಬುದು ಅವನ ವಾದ.

ಮೂರು ವರ್ಷದ ಹಿಂದೆ ಸ್ಕೂಟಿಯಿಂದ ಬಿದ್ದು ಬಂದಿದ್ದ ರಂಜಿತಳ ಕೈಗೂ ಅವನು ಹೀಗೇ ದಾರ ಕೊಟ್ಟಿದ್ದ.

"ಬಿಗಿಯಾಗಿ ಹಿಡೀರಿ ಮೇಡಂ."

"ಬಿಗಿಯಾಗೇ ಹಿಡ್ದಿದೀನಿ. ನಿಮ್ಮ ಕಣ್ಣು ದಾರದ ಮೇಲಿಲ್ಲ, ಅದಕ್ಕೆ ಸಡ್ಲ ಕಾಣ್ತದೆ."

ಕಿವಿಯವರೆಗೂ ಕೆಂಪಾದ ಸಿದ್ದೇಶ ಕಡ್ಡಿಯ ಪೊಟ್ಟಣವನ್ನೇ ಕೆಳಗೆ ಚೆಲ್ಲಿದ್ದ. ಅವಳು ನಗುತ್ತ ಒಂದೊಂದಾಗಿ ಆರಿಸಿ ಕೊಟ್ಟಿದ್ದಳು. ಮಾರನೆಯ ವಾರ ಏನೂ ಕೆಡದ ಸ್ಕೂಟಿಯನ್ನು ಮತ್ತೆ ತಂದು, "ಎಡಕ್ಕೆ ಎಳೀತದೆ," ಎಂದು ಹಸಿ ಹಸಿ ಸುಳ್ಳು ಹೇಳಿದ್ದಳು. ಅವನೂ ಏನೂ ತಿಳಿಯದವನಂತೆ ಅರ್ಧ ಗಂಟೆ ಲೈನ್ ನೋಡಿದ್ದ.

ಅವಳು ಹನಕೆರೆ ಕಡೆಯ ಗದ್ದೆ ತೋಟವಿದ್ದವರ ಮನೆಯ ಮಗಳು. ಇವನದು ಊರಾಚೆ ಕೇರಿಯ ಮನೆ, ಅಂಗಡಿಯ ಗೋಡೆಯ ಮೇಲೆ ಬುದ್ಧನ ಫೋಟೋ. ಮಂಡ್ಯ ಸೀಮೆಯಲ್ಲಿ ಇದರ ಮುಂದಿನ ಕಥೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರೂ ಮನೆಯಲ್ಲಿ ಬಾಯಿ ಬಿಡದೆ ಮದ್ದೂರಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಗೆ ನೋಟಿಸು ಕೊಟ್ಟರು. ಮೂವತ್ತು ದಿನ ಉಸಿರು ಬಿಗಿಹಿಡಿದು ಕಾದರು. ಮದುವೆಯ ದಿನ ಸಾಕ್ಷಿ ಹಾಕಲು ಗೆಳೆಯ ಪುಟ್ಟರಾಜು ಇನ್ನಿಬ್ಬರ ಜೊತೆ ಮದ್ದೂರಿನಲ್ಲಿ ಕಾಯುತ್ತಿದ್ದ. ರಂಜಿತ ಬೈಕಿನ ಹಿಂದೆ ಕೂತು, ಅವನ ಹೆಗಲ ಮೇಲೆ ಗಲ್ಲವಿಟ್ಟು, ಸೈನ್ ಹಾಕಿದ ಮೇಲೆ ಮೊದಲು ವಡೆ ತಿನ್ನೋಣವೋ ಫೋಟೋ ತೆಗೆಸೋಣವೋ ಎಂದು ಜಗಳವಾಡುತ್ತಿದ್ದಳು.

ಮದ್ದೂರು ನೇರಕ್ಕೆ. ಸಿದ್ದೇಶನ ಊರಿನ ತಿರುವು ಎಡಕ್ಕೆ. ಸರಿಯಾಗಿ ಆ ತಿರುವಿನಲ್ಲೇ ಬೈಕು ಎಡಕ್ಕೆ ಹೊರಳಿ, ಟಾರು ಬಿಟ್ಟು ಇಳಿದು, ಮೈಲಿಗಲ್ಲಿಗೆ ಬಡಿಯಿತು.

ಆಸ್ಪತ್ರೆಯಿಂದ ಅವಳು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ನೀನು ತಿರುಗಿಸಿದ್ಯಾ?"

"ಇಲ್ಲ ಕಣೆ. ಗಾಡಿ ಎಳೀತು. ಹಿಂದಿನ ದಿನ ಅರ್ಜೆಂಟಲ್ಲಿ ಚೈನು ಬಿಗಿ ಮಾಡಿದ್ದೆ. ಹಿಂದಿನ ಚಕ್ರ ವಾರೆ ಕೂತದೆ."

"ಸರಿ. ಹಿಂದಿನ ಚಕ್ರ ಮುಟ್ಟಬ್ಯಾಡ. ಲೈನ್ ನೋಡೋ ದಿನ ಕರಿ, ದಾರ ನಾನೇ ಹಿಡೀತೀನಿ."

ಈಗ ಮುಂದಿನ ಫೋರ್ಕು ಹೊಸದು, ಚಕ್ರ ಹೊಸದು. ಹಿಂದಿನ ಚಕ್ರದ ನಟ್ಟಿನ ಮೇಲೆ ಅವತ್ತಿನ ದೂಳು ಹಾಗೇ ಇತ್ತು. ರಂಜಿತ ಬಗ್ಗಿ ಬೆರಳಿನಿಂದ ಅದನ್ನು ಮುಟ್ಟಿ ನೋಡಿದಳು. ಆಮೇಲೆ ಬ್ಯಾಗು ತೆರೆದು ಒಂದು ಪ್ಲಾಸ್ಟಿಕ್ ಕವರು ತೋರಿಸಿದಳು.

"ಆಧಾರು, ಫೋಟೋ, ಎಲ್ಲಾ ತಂದಿದೀನಿ. ನೋಟಿಸಿನ ಮೂರು ತಿಂಗಳ ವಾಯಿದೆ ಮುಗಿಯಕ್ಕೆ ಇನ್ನು ಎಂಟು ದಿನ ಅದೆ. ಗಾಡಿದೇ ತಪ್ಪು ಅಂದ್ರೆ ಅಣ್ಣ ಬರೋದ್ರೊಳಗೆ ಇದೇ ಆಟೋದಲ್ಲಿ ಮದ್ದೂರಿಗೆ ಹೋಗುವ. ಕಾಲು ಮುರ್ದಿದ್ದಕ್ಕೆ ನಂಗೆ ಕ್ವಾಪ ಇಲ್ಲ ಕಣೋ. ನೀನು ತಿರುಗಿಸಿದ್ರೆ ಮಾತ್ರ..."

ಮಾತು ಮುಗಿಸದೆ ಅವಳು ದಾರಕ್ಕೆ ಕೈಚಾಚಿದಳು.

ಸಿದ್ದೇಶ ದಾರ ಸುತ್ತಿದ. ಅವಳು ಸ್ಟೂಲಿನ ಮೇಲೆ ಮುರಿದ ಕಾಲು ಚಾಚಿ, ಬಲಗಡೆಯ ತುದಿ ಹಿಡಿದು ಕೂತಳು. ಅವನು ಎಡಗಡೆ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿದ. ನಡುವೆ ಚಕ್ರ. ಒಬ್ಬರ ಕಡೆಯದು ಇನ್ನೊಬ್ಬರಿಗೆ ಕಾಣುವುದಿಲ್ಲ. ಎದ್ದು ಸುತ್ತಿ ಬಂದು ಬಗ್ಗಿ ನೋಡಲು ಅವಳ ಮಂಡಿ ಇನ್ನೂ ಬಗ್ಗುವುದಿಲ್ಲ.

"ನನ್ನ ಕಡೆ ಎರಡು ಕಡ್ಡಿ," ಎಂದಳು ರಂಜಿತ. "ನಿನ್ನ ಕಡೆ?"

ಸಿದ್ದೇಶ ಒಂದು ಕಡ್ಡಿ ತೂರಿಸಿದ. ಅದರ ಪಕ್ಕಕ್ಕೆ ಇನ್ನೊಂದು. ಎರಡೂ ದಾರಕ್ಕೆ ಸವರಿಕೊಂಡು ಒಳಹೋಗಿ, ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ತೆಗೆದು ಮತ್ತೆ ತೂರಿಸಿದ. ಮತ್ತೆ ಎರಡೇ.

ಹಿಂದಿನ ಚಕ್ರ ಒಂದು ಕೂದಲೆಳೆಯೂ ವಾರೆಯಾಗಿರಲಿಲ್ಲ. ಅರ್ಜೆಂಟಿನಲ್ಲೂ ಅವನ ಕೈ ಸರಿಯಾಗಿಯೇ ಕೆಲಸ ಮಾಡಿತ್ತು. ಹೇಳಿ ಹೇಳಿ ಗಾಡಿ ಎಳೆದದ್ದೇ ನಿಜ ಎಂದು ಅವನೂ ನಂಬಿದ್ದ. ಈಗ ಆ ಬೆಳಗ್ಗೆ ಇದ್ದ ಹಾಗೇ ಕಣ್ಣ ಮುಂದೆ ಬಂತು. ತಿರುವಿನಾಚೆಯ ಕಲ್ಲುಬೆಂಚಿನ ಮೇಲೆ ಗೊಬ್ಬರದ ಚೀಲ ಪಕ್ಕಕ್ಕಿಟ್ಟುಕೊಂಡು ಅಪ್ಪ ಬಸ್ಸಿಗೆ ಕಾಯುತ್ತಿದ್ದ. ಇವರನ್ನು ಅಪ್ಪ ನೋಡಿರಲೂ ಇಲ್ಲ. ನಾಳೆ ಸುದ್ದಿ ಹರಡಿದ ಮೇಲೆ ಇಲ್ಲೇ ಕೂತಿರುವ ಈ ಮನುಷ್ಯನಿಗೆ ಅವಳ ಕಡೆಯವರಿಂದ ಏನೇನಾಗಬಹುದು ಎಂದು ಒಂದು ಗಳಿಗೆ ಅನಿಸಿತು. ಆ ಒಂದು ಗಳಿಗೆಯಲ್ಲಿ ಕೈ ಊರ ಕಡೆ ತಿರುಗಿತ್ತು.

"ಎಷ್ಟೋ?" ಎಂದಳು ಅವಳು. ದನಿಯಲ್ಲಿ ಅವಸರ, ಅವಸರದೊಳಗೆ ಆಸೆ. ಚಕ್ರದ ಸ್ಪೋಕುಗಳ ನಡುವಿಂದ ಅವಳ ಬೆರಳುಗಳು ಕಾಣುತ್ತಿದ್ದವು. ದಾರವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ತುದಿಗಳು ಬಿಳಿಚಿದ್ದವು.

ಒಂದು ಎಂದರೆ ಸಾಕು. ಒಂದು ಎಂದರೆ ಆಟೋ, ಮದ್ದೂರು, ವಡೆ, ಫೋಟೋ, ಇಡೀ ಜೀವಮಾನ.

"ಎರಡು," ಎಂದ.

ದಾರ ಸಡಿಲವಾಯಿತು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಫ್ಯಾಕ್ಟರಿ ಕಡೆ ಹೋಯಿತು.

"ಒಂದು ಅನ್ಬೋದಾಗಿತ್ತಲ್ಲೋ," ಎಂದಳು ರಂಜಿತ. "ನಂಬ್ತಿದ್ದೆ."

"ಗೊತ್ತು."

"ಮತ್ಯಾಕೆ?"

"ದಾರ ಹಿಡ್ಕೊಂಡು ಇವತ್ತಿನವರ್ಗೂ ಯಾರ್ಗೂ ಸುಳ್ಳು ಹೇಳಿಲ್ಲ. ನಿಂಗೆ ಹೆಂಗೆ ಹೇಳ್ಲಿ?" ಅವನು ಮುಖ ಎತ್ತಲಿಲ್ಲ. "ಅಲ್ಲಿ ಅಪ್ಪ ಕೂತಿದ್ದ ರಂಜಿ. ನೋಡ್ಬುಟ್ಟು ಹೆದರ್ಕೊಂಡೆ."

"ಅವತ್ತು ಓಡ್ ಬಂದು ನನ್ನ ಎತ್ತಿದೋರು ನಿಮ್ಮಪ್ಪನೇ ಅಂತ ಆಮೇಲೆ ಗೊತ್ತಾಯ್ತು," ಎಂದಳು. "ಹೆಗಲ ಟವಲ್ಲು ಹರಿದು ಕಾಲಿಗೆ ಕಟ್ಟಿದ್ರು. ಅವರನ್ನ ನೋಡಿ ನೀನು ಹೆದರಿದ್ದು ತಪ್ಪು ಅನ್ನಕ್ಕೆ ನಂಗೆ ಬಾಯಿ ಬರಲ್ಲ. ಆದ್ರೆ ನಾನು ಹಿಂದ್ಗಡೆ ಕೂತಿದ್ದೆ ಕಣೋ. ನಂಗೂ ಹೆದರಿಕೆ ಇತ್ತು. ನಿನ್ನ ಹೆಗಲು ಹಿಡ್ಕೊಂಡಿದ್ದೆ ಅಷ್ಟೇ. ಇನ್ನು ಆ ಸೀಟಲ್ಲಿ ಕೂತ್ರೆ ಪ್ರತಿ ತಿರುವಲ್ಲೂ ನಿನ್ನ ಕೈಯೇ ನೋಡ್ತಾ ಕೂತಿರ್ತೀನಿ. ಹಂಗೆ ಬದುಕಕ್ಕೆ ಆಯ್ತದಾ?"

ಅವಳು ದಾರವನ್ನು ನಾಲ್ಕು ಬೆರಳಿಗೆ ನೀಟಾಗಿ ಸುತ್ತಿ, ಗಂಟು ಹಾಕಿ, ಅವನ ಅಂಗೈಯಲ್ಲಿಟ್ಟಳು. ಕೈ ಮಾತ್ರ ಒಂದಿಷ್ಟು ಹೊತ್ತು ಹಾಗೇ ಇಟ್ಟಿದ್ದಳು. ಅವನ ಉಗುರಿನ ಸಂದಿಯ ಗ್ರೀಸನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಳು, ಮೂರು ವರ್ಷ ಬೈಯುತ್ತ ಬೈಯುತ್ತ ಉಜ್ಜುತ್ತಿದ್ದ ಹಾಗೆಯೇ. ಈ ಸಲ ಬೈಯಲಿಲ್ಲ.

"ನಿಜ ಹೇಳ್ದೆಯಲ್ಲ, ಅದಕ್ಕೇ ಜಾಸ್ತಿ ನೋಯ್ತಾ ಅದೆ," ಎಂದಳು. "ಬತ್ತೀನಿ ಕಣೋ."

ಆಟೋ ಬಂದ ದಾರಿಗೇ ತಿರುಗಿತು. ಅವಳು ಹಿಂತಿರುಗಿ ನೋಡಿದಳೋ ಇಲ್ಲವೋ ಸಿದ್ದೇಶನಿಗೆ ಗೊತ್ತಾಗಲಿಲ್ಲ. ಅವನ ಕಣ್ಣು ತುಂಬಿತ್ತು.

ಲೈನ್ ನೋಡಿದ ಮೇಲೆ ಟ್ರಯಲ್ ಹೋಗಬೇಕು, ಅದೂ ರೂಢಿ. ಅವನು ಮದ್ದೂರು ರಸ್ತೆಗೆ ಬೈಕು ಬಿಟ್ಟ. ಖಾಲಿ ರಸ್ತೆ ಸಿಕ್ಕಲ್ಲಿ ಹ್ಯಾಂಡಲಿನಿಂದ ಅಂಗೈ ಎರಡು ಬೆರಳಷ್ಟು ಮೇಲೆತ್ತಿದ. ಒಂದಿಂಚಾದರೂ ಎಡಕ್ಕೆ ಎಳೆ, ಒಂದೇ ಒಂದಿಂಚು ಎಂದು ಅಂಗಲಾಚಿದ. ಗಾಡಿ ನೇರವಾಗಿ ಹೋಗುತ್ತಲೇ ಇತ್ತು.

ತಿರುವಿನ ಕಲ್ಲುಬೆಂಚಿನ ಮೇಲೆ ಅಪ್ಪ ಅಂಕಯ್ಯ ಚೀಲವೊಂದನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಸಿದ್ದೇಶ ಬ್ರೇಕು ಹಾಕಿದ.

"ಗಾಡಿ ಸರಿಯಾಯ್ತೇನ್ಲಾ?" ಎಂದ ಅಪ್ಪ. "ಆ ಮಗೀನ ಕಾಲು ಹೆಂಗದೆ?"

"ನಡೀತವ್ಳೆ ಅಪ್ಪ."

ಅಂಕಯ್ಯ ಮೈಲಿಗಲ್ಲಿನ ಕಡೆ ನೋಡಿದ. "ಪುಟ್ಟರಾಜು ಸಿಕ್ಕಿದ್ದ. ಎಲ್ಲಿಗೆ ಹೋಯ್ತಿದ್ರಿ ಅಂತ ಎಲ್ಲಾ ಹೇಳ್ದ. ನಂಗೊಂದ್ಮಾತು ಹೇಳಿದ್ರೆ ನಾನೇ ಬತ್ತಿದ್ನಲ್ಲೋ ಸಾಕ್ಷಿ ಹಾಕಕ್ಕೆ."

"ನಿಂಗೆ ಹೆದರ್ಕೆ ಆಯ್ತಿರ್ಲಿಲ್ವಾ ಅಪ್ಪ?"

"ಆಯ್ತಿತ್ತು," ಎಂದ ಅಂಕಯ್ಯ. "ಹೆದರ್ಕೊಂಡೇ ಬತ್ತಿದ್ದೆ."

ಸಿದ್ದೇಶ ತಲೆ ತಗ್ಗಿಸಿ ಹ್ಯಾಂಡಲನ್ನೇ ನೋಡುತ್ತ ನಿಂತ. ಅಪ್ಪ ಚೀಲ ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತು, ಮಗನ ಹೆಗಲ ಮೇಲೆ ಕೈಯಿಟ್ಟ. ಸಿದ್ದೇಶ ಗೇರು ಹಾಕಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿದ.