ಒಂಟಿ ಎಂಟು

ಒಂದೇ ಒಂದು ಅಂಕಿ ಅವನ ಬದುಕನ್ನು ಬುಡಮೇಲು ಮಾಡಿತ್ತು. ಅವನು ದೂರದ ಆಸ್ಪತ್ರೆಯ ಯಂತ್ರಗಳನ್ನು ಕಚೇರಿಯಿಂದಲೇ ನೋಡಿಕೊಳ್ಳುವ ತಂತ್ರಜ್ಞ. ರೋಗಿಯ ಆಮ್ಲಜನಕ ಎಂಬತ್ತೆಂಟಕ್ಕಿಂತ ಕೆಳಗಿಳಿದರೆ ಅಲಾರಂ ಕೂಗಬೇಕು. ಮಂಗಳವಾರ ಅವನು ತಿದ್ದಿದ ಫೈಲಿನಲ್ಲಿ ಉಳಿದದ್ದು ಬರೀ ಎಂಟು. ಗುರುವಾರ ಅಲಾರಂ ಕೂಗಲಿಲ್ಲ. ಹೆಂಗಸೊಬ್ಬಳು ಹನ್ನೊಂದು ನಿಮಿಷ ಉಸಿರಿಗಾಗಿ ಒದ್ದಾಡಿದಳು. ಇನ್ನೂ ಕಣ್ಣು ಬಿಟ್ಟಿಲ್ಲ.

ಶುಕ್ರವಾರ ಮೂರಕ್ಕೆ ವಿಚಾರಣೆ. ಎಲ್ಲರೂ ಒಂದೇ ಪಾಸ್‌ವರ್ಡಿನಿಂದ ಒಳಹೋಗುವುದರಿಂದ, ಯಾರು ತಿದ್ದಿದರೆಂದು ಹೇಳುವುದು, ತಿದ್ದಿದವರು ಫೈಲಿನ ಕೊನೆಯ ಸಾಲಿನಲ್ಲಿ ಬರೆದಿಡುವ ತಮ್ಮ ಸಿಬ್ಬಂದಿ ಸಂಖ್ಯೆ ಮಾತ್ರ. ಅವನದು ಹದಿನಾಲ್ಕು. ಅದು ಒಂಬತ್ತಾದರೆ ಅವನು ಪಾರು. ಒಂಬತ್ತು ಎಂದರೆ ಅಕ್ಕ. ಒಡಹುಟ್ಟಿದವಳಲ್ಲ, ಪಕ್ಕದ ಮೇಜಿನ ಹಿರಿಯಳು, ಕೈಹಿಡಿದು ಕೆಲಸ ಕಲಿಸಿದವಳು. ನಿವೃತ್ತಿಗೆ ಇನ್ನೆರಡೇ ತಿಂಗಳು, ಅವಳಿಗೇನು ನಷ್ಟ ಎಂದುಕೊಂಡ. 

ಯೋಜನೆ ಪಕ್ಕಾ ಇತ್ತು. ಸರ್ವರ್ ವಾರಕ್ಕೊಮ್ಮೆ, ಶುಕ್ರವಾರ ಎರಡಕ್ಕೆ, ಫೈಲುಗಳ ಪ್ರತಿ ತೆಗೆದಿಡುತ್ತದೆ. ಅದಕ್ಕೆ ಮೊದಲೇ ತಿದ್ದಿದರೆ ಹಳೆಯ ಸಂಖ್ಯೆಯ ಸುಳಿವೂ ಉಳಿಯುವುದಿಲ್ಲ.

ಶುಕ್ರವಾರ ಒಂದು ಗಂಟೆಗೆ ಅಕ್ಕ ಬಂದು ಭುಜ ತಟ್ಟಿದಳು. "ಊಟಕ್ಕೆ ಬಾರೋ. ಹೊಟ್ಟೆ ಖಾಲಿ ಇಟ್ಕೊಂಡು ಕೊರಗಿದ್ರೆ ಏನು ಬಂತು?"

"ನೀವು ಹೋಗಿರಿ ಅಕ್ಕ. ಈ ಎಡಿಟರ್ ಒಂದು ಸರಿ ಮಾಡ್ಕೊಂಡು ಬರ್ತೀನಿ."

ಅದು ಪೂರ್ತಿ ಸುಳ್ಳಲ್ಲ. ಹತ್ತು ದಿನದಿಂದ ದೂರದ ಫೈಲು ತೆರೆದರೆ ಸಾಕು, ಅದನ್ನು ತಿದ್ದುವ ತಂತ್ರಾಂಶವಾದ ಎಡಿಟರ್ ಮೊಂಡು ಹಿಡಿದು ಕೂರುತ್ತಿತ್ತು. ಸೋಮವಾರ ಅಕ್ಕನೇ ಅವನ ಕುರ್ಚಿಯಲ್ಲಿ ಕೂತು ಅದಕ್ಕೆ ಏನೋ ಸೇರಿಸಿ, "ಒಂದು ವಾರ ನೋಡೋಣ" ಎಂದಿದ್ದಳು. ಈಗ ಅಷ್ಟು ಕಾಯುವಂತಿರಲಿಲ್ಲ. ಎಡಿಟರಿಗೆ ಜೋಡಿಸಿದ ಪುಟ್ಟ ಪುಟ್ಟ ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಹೋದ. ಮೂರನೆಯದರಲ್ಲಿ ಕಳ್ಳ ಸಿಕ್ಕಿದ: ಒಂದೊಂದು ಅಕ್ಷರಕ್ಕೂ ಅದು ಫೈಲು ಬದಲಾಗಿದೆಯೇ ಎಂದು ಸರ್ವರನ್ನು ಕೇಳಿ, ಉತ್ತರ ಬರುವವರೆಗೆ ಎಲ್ಲವನ್ನೂ ತಡೆದಿಡುತ್ತಿತ್ತು. ಪಟ್ಟಿಯಲ್ಲಿ ಇನ್ನೂ ಎರಡಿದ್ದವು. ದೋಷ ಸಿಕ್ಕಮೇಲೆ ಉಳಿದದ್ದನ್ನು ಕೆದಕುವ ಅಭ್ಯಾಸ ಅವರ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

ಹದಿನಾಲ್ಕನ್ನು ಅಳಿಸಿ ಒಂಬತ್ತು ಬರೆದ. ಫೈಲಿನ ದಿನಾಂಕವನ್ನು ಮಂಗಳವಾರಕ್ಕೆ ಹೊರಳಿಸಿದ. ಕೈ ತೊಳೆದು ಬಂದ. ಮತ್ತೆ ಹೋಗಿ ತೊಳೆದ. ಅಕ್ಕ ಅವನ ಮೇಜಿನ ಮೇಲೆ ಎರಡು ಬಾಳೆಹಣ್ಣು ಇಟ್ಟು ಹೋಗಿದ್ದಳು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ತಿದ್ದಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಒಂಬತ್ತು ಯಾರು?" ವಿಚಾರಣೆಯ ಅಧಿಕಾರಿ ಫೈಲು ನೋಡಿ ಕೇಳಿದರು.

"ನಾನು ಸರ್. ಆದ್ರೆ ಮಂಗಳವಾರ ನಾನು ಅದನ್ನ ಮುಟ್ಟೇ ಇಲ್ಲ," ಎಂದಳು ಅಕ್ಕ ಗೊಂದಲದಿಂದ. "ಇವನೇ ತಿದ್ದಿದ್ದು. ಆದ್ರೆ ಇವನ ತಪ್ಪೇನಿಲ್ಲ, ಅದನ್ನ ತೋರಿಸೋಕೇ ಇದನ್ನ ಪ್ರಿಂಟ್ ಹಾಕಿಸ್ಕೊಂಡು ಬಂದೆ."

ಅವಳು ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಹರಡಿದಳು. "ಎಡಿಟರ್ ಎಲ್ಲಿ ನಿಲ್ಲುತ್ತೆ ಅಂತ ಹಿಡಿಯೋಕೆ, ಇವನು ಒತ್ತೋ ಒಂದೊಂದು ಕೀನೂ ಟೈಮ್ ಸಮೇತ ನನ್ನ ಮಶೀನಿಗೆ ಬರೋ ಹಾಗೆ ಸೋಮವಾರ ಮಾಡಿಟ್ಟಿದ್ದೆ. ನೋಡಿ, ಎಂಟನ್ನ ಎರಡು ಸಲ ಒತ್ತಿದಾನೆ. ಒಂದನ್ನ ಎಡಿಟರ್ ನುಂಗಿದೆ." ಅವಳು ಮಂಗಳವಾರದ ಹಾಳೆಯನ್ನಷ್ಟೇ ಓದಿದ್ದಳು. ಅಧಿಕಾರಿ ಕೊನೆಯ ಹಾಳೆ ತಿರುಗಿಸಿದರು; ಅವರ ಬೆರಳು ಅದೇ ಶುಕ್ರವಾರ ಮಧ್ಯಾಹ್ನ ಒಂದು ಇಪ್ಪತ್ತರ ಸಾಲಿನ ಮೇಲೆ ನಿಂತಿತು: ಅಳಿಸು, ಅಳಿಸು, ಒಂಬತ್ತು.